ಹನ್ನೊಂದು ವರ್ಷ ಯಾವುದಕ್ಕೆ?

“ಎಷ್ಟು ವರ್ಷ ಆಯ್ತು ಸಾರ್ ಇದನ್ನ ತಗೊಂಡು?”

ಸರ್ವೀಸ್‌ಗೆ ಬಂದ ಹುಡುಗ ಬ್ಯಾಗು ಕೆಳಗಿಡುವ ಮೊದಲೇ ಕೇಳಿದ ಪ್ರಶ್ನೆ ಇದು. ಹನ್ನೊಂದು ಎಂದೆ. ನಮ್ಮ ಡಿಶ್‌ವಾಷರ್ ಎರಡು ದಿನದಿಂದ ನೀರನ್ನು ಬಿಸಿ ಮಾಡುತ್ತಿರಲಿಲ್ಲ. ತಣ್ಣೀರಲ್ಲೇ ಸುತ್ತು ಮುಗಿಸಿದ ತಟ್ಟೆಗಳ ಮೇಲೆ ತುಪ್ಪದ ಜಿಡ್ಡು ಕೂತಲ್ಲೇ ಕೂತಿರುತ್ತಿತ್ತು. ಹುಡುಗ ಬಟನ್ ಒತ್ತಿ ಡಿಸ್‌ಪ್ಲೇ ನೋಡಿದ. “ಬೋರ್ಡ್ ಹೋಗಿದೆ. ಹದಿನಾಲ್ಕು ಸಾವಿರ ಆಗತ್ತೆ. ಹನ್ನೊಂದು ವರ್ಷದ ಮಿಷನ್‌ಗೆ ಅಷ್ಟು ಹಾಕೋ ಬದಲು ಹೊಸದೇ ನೋಡಿ ಸಾರ್” ಎಂದು ಸಮಾಧಾನದಿಂದಲೇ ಹೇಳಿ, ಬಂದುಹೋದ ಶುಲ್ಕದ ರಸೀದಿ ಕೊಟ್ಟು ಹೊರಟ.

ಅವನ ಜಾಗದಲ್ಲಿ ಯಾರಿದ್ದರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು. ಆದರೆ ಅವನು ಹೋದ ಮೇಲೆ ಆ ಹನ್ನೊಂದು ನನ್ನ ತಲೆಯಲ್ಲಿ ಸುತ್ತತೊಡಗಿತು. ಹನ್ನೊಂದು ವರ್ಷ ಯಾವುದಕ್ಕೆ? ಒಳಗಿನ ಸ್ಟೀಲ್ ತೊಟ್ಟಿಗೆ ಹನ್ನೊಂದು, ನಿಜ. ನಲ್ಲಿಯಿಂದ ನೀರು ತರುವ ಪೈಪಿಗೆ ಮೂರು. ಕೆಳಗಿನ ಸ್ಪ್ರೇ ಆರ್ಮ್‌ಗೆ ಎರಡು. ಫಿಲ್ಟರಿನ ಜಾಲರಿಗೆ ಒಂದು. ಹೀಟರು ಹನ್ನೊಂದು ವರ್ಷದ ಹಿಂದೆಯೇ ಕೂತಿದ್ದರೂ ಅದು ಕೆಲಸ ಮಾಡಿದ್ದು ದಿನಕ್ಕೆ ಅರ್ಧ ಗಂಟೆಯಂತೆ, ಅಂದರೆ ಒಟ್ಟು ಎರಡು ಸಾವಿರ ಗಂಟೆ, ಮೂರು ತಿಂಗಳಿಗೂ ಕಡಿಮೆ. ಯಂತ್ರಕ್ಕೆ ಒಂದೇ ವಯಸ್ಸು ಇರುವುದಿಲ್ಲ. ಅದರ ಒಂದೊಂದು ಭಾಗವೂ ಒಂದೊಂದು ರೀತಿಯಲ್ಲಿ ಮುಪ್ಪಾಗುತ್ತದೆ, ಕೆಲವು ಆಗುವುದೇ ಇಲ್ಲ. ರಿಪೇರಿ ಮಾಡಿಸಬೇಕೆ, ನಾವೇ ಮಾಡಬೇಕೆ, ಬಿಟ್ಟುಬಿಡಬೇಕೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುವುದು ಕೆಟ್ಟದ್ದು ಯಾವುದು, ಹೇಗೆ ಕೆಟ್ಟಿತು ಎಂದು ತಿಳಿದ ಮೇಲೆ. ಅದಕ್ಕೆ ಮುಂಚೆ ಹೇಳುವುದೆಲ್ಲ ಊಹೆ.

ಹಾಗೆ ತಿಳಿಯುವುದು ಅಂದುಕೊಂಡಷ್ಟು ಕಷ್ಟವಲ್ಲ, ಏಕೆಂದರೆ ಈ ಯಂತ್ರದ ಒಳಗುಟ್ಟು ತುಂಬ ಸರಳ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಊರಿನಲ್ಲಿದ್ದ ಜೋಸೆಫೀನ್ ಕಾಕ್ರನ್ ಎಂಬಾಕೆಗೆ 1886ರ ಡಿಸೆಂಬರ್ 28ರಂದು ಇದರ ಪೇಟೆಂಟ್ ಸಿಕ್ಕಿತು. ಪಾತ್ರೆಗಳನ್ನು ಅವುಗಳ ಅಳತೆಗೆ ಹೆಣೆದ ತಂತಿಯ ಗೂಡುಗಳಲ್ಲಿ ಅಲುಗಾಡದಂತೆ ನಿಲ್ಲಿಸಿ, ಉಜ್ಜುವ ಬದಲು ಬಿಸಿ ಸೋಪುನೀರನ್ನು ರಭಸವಾಗಿ ಅವುಗಳ ಮೇಲೆ ಹೊಡೆಯುವುದು ಆಕೆಯ ಯೋಚನೆ. 1893ರ ಶಿಕಾಗೊ ವಿಶ್ವ ಪ್ರದರ್ಶನದಲ್ಲಿ ಈ ಯಂತ್ರ ಜನರ ಕಣ್ಣಿಗೆ ಬಿತ್ತು. ಹೋಟೆಲುಗಳು ಮೊದಲು ಕೊಂಡವು, ಮನೆಗಳಿಗೆ ಅದು ಬಂದದ್ದು ಬಹಳ ತಡವಾಗಿ. ಇವತ್ತಿನ ಯಂತ್ರ ಮಾಡುವುದೂ ಅದನ್ನೇ. ಮೂರು ನಾಲ್ಕು ಲೀಟರ್ ನೀರನ್ನು ತಳದ ಗುಂಡಿಯಲ್ಲಿ ತುಂಬಿಕೊಂಡು, ಬಿಸಿ ಮಾಡಿ, ಅದೇ ನೀರನ್ನು ಮತ್ತೆ ಮತ್ತೆ ಪಂಪು ಮೇಲಕ್ಕೆ ತಳ್ಳುತ್ತದೆ. ಸ್ಪ್ರೇ ಆರ್ಮ್ ತಿರುಗಲು ಬೇರೆ ಮೋಟಾರು ಇಲ್ಲ. ಓರೆಯಾಗಿ ಕೊರೆದ ತೂತುಗಳಿಂದ ನೀರು ಒಂದು ಕಡೆ ಚಿಮ್ಮಿದಾಗ ತೋಳು ಇನ್ನೊಂದು ಕಡೆಗೆ ತಳ್ಳಲ್ಪಡುತ್ತದೆ, ಹುಲ್ಲುಹಾಸಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ತಿರುಗುವ ಹಾಗೆ. ಶಾಖ ಬೇಕಾಗುವುದು ತುಪ್ಪ, ಎಣ್ಣೆ ಕರಗಲಿಕ್ಕೆ. ಒಣಗಿದ ಅನ್ನದ ಗಂಜಿಯನ್ನೂ ಬೇಳೆಯ ಪ್ರೋಟೀನನ್ನೂ ತುಂಡರಿಸಲು ಸೋಪಿನಲ್ಲಿ ಬೆರೆಸಿರುವ ಕಿಣ್ವಗಳೂ ಬೆಚ್ಚಗಿನ ನೀರಲ್ಲೇ ಚುರುಕಾಗುವುದು.

ಯಂತ್ರ ಕೆಟ್ಟಾಗ ಮೊದಲು ಬಳಸಬೇಕಾದದ್ದು ಕಿವಿ. ಬಟನ್ ಒತ್ತಿದ ತಕ್ಷಣ ಕೆಲವು ಸೆಕೆಂಡು ಡ್ರೈನ್ ಪಂಪು ಗೊರಗೊರ ಎನ್ನುತ್ತದೆ, ಹಿಂದಿನ ಸಲ ಉಳಿದ ನೀರನ್ನು ಹೊರಹಾಕಲು. ಆಮೇಲೆ ನೀರಿನ ವಾಲ್ವ್ ಸಣ್ಣಗೆ ಗುಂಯ್ ಎಂದು ತೆರೆದು, ನೀರು ಸುಯ್ ಎಂದು ಇಳಿಯುತ್ತದೆ. ಅದು ನಿಂತ ಮೇಲೆ ದೊಡ್ಡ ಪಂಪು ಶುರು. ತಗಡಿನ ಮಾಡಿನ ಮೇಲೆ ಮಳೆ ಹೊಯ್ದ ಹಾಗಿನ ಸದ್ದು, ಅದರೊಳಗೆ ತೋಳು ಸುತ್ತುವ ಲಯ. ಸ್ವಲ್ಪ ಹೊತ್ತಿಗೆ ಸೋಪಿನ ಡಬ್ಬಿಯ ಮುಚ್ಚಳ ಟಕ್ ಎಂದು ಬೀಳುತ್ತದೆ. ಇಷ್ಟು ಸದ್ದುಗಳಲ್ಲಿ ಯಾವುದು ಕಾಣೆಯಾಗಿದೆ ಎಂದು ಗುರುತಿಸಿದರೆ ಅರ್ಧ ಪತ್ತೆ ಮುಗಿಯಿತು. ವಾಲ್ವ್ ಗುಂಯ್ ಎಂದರೂ ನೀರು ಬಾರದಿದ್ದರೆ, ನಲ್ಲಿಯ ಹತ್ತಿರದ ಸಣ್ಣ ಜಾಲರಿಯಲ್ಲಿ ಟ್ಯಾಂಕಿನ ಮರಳು ಕೂತಿರಬಹುದು. ಮಳೆಯ ಸದ್ದಿದೆ ಆದರೆ ಲಯವಿಲ್ಲ ಎಂದಾದರೆ ತೋಳಿಗೆ ಸೌಟಿನ ಹಿಡಿ ಅಡ್ಡ ಬಂದಿದೆ, ಇಲ್ಲವೇ ತೂತುಗಳಲ್ಲಿ ಒಗ್ಗರಣೆಯ ಸಾಸಿವೆ ಸಿಕ್ಕಿಕೊಂಡಿದೆ. ಹೀಟರಿಗೆ ಮಾತ್ರ ದನಿಯಿಲ್ಲ. ಅರ್ಧ ಗಂಟೆಯಾದರೂ ಬಾಗಿಲ ಸಂದಿಯಿಂದ ಬೆಚ್ಚನೆಯ ಸೋಪಿನ ವಾಸನೆ ಬಾರದಿದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು.

ಏಳನೇ ವರ್ಷದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು, ಹಿಂದಿನ ರಾತ್ರಿಯ ಹುಳಿಯ ವಾಸನೆ. ಡ್ರೈನ್ ಪಂಪು ಗುಂಯ್‌ಗುಡುತ್ತಿತ್ತೇ ಹೊರತು ನೀರನ್ನು ದೂಡುತ್ತಿರಲಿಲ್ಲ. ಪ್ಲಗ್ ಕಿತ್ತು, ಲೋಟದಿಂದ ನೀರು ಮೊಗೆದು, ಸ್ಪಂಜಿನಿಂದ ಹಿಂಡಿ ತೆಗೆದು, ಫಿಲ್ಟರು ಎತ್ತಿ, ಅದರಡಿಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದಾಗ ಪಂಪಿನ ರೆಕ್ಕೆಗೆ ಕಡಲೆಬೇಳೆ ಗಾತ್ರದ ಗಾಜಿನ ಚೂರು ಸಿಕ್ಕಿಕೊಂಡಿರುವುದು ಕಂಡಿತು. ಫಿಲ್ಟರನ್ನು ತೊಳೆಯಲು ತೆಗೆದಾಗ ಜಾರಿರಬೇಕು. ಇಕ್ಕಳದಿಂದ ತೆಗೆದೆ. ಇಪ್ಪತ್ತು ನಿಮಿಷದ ಕೆಲಸ. ಅವತ್ತು ಯಾರಾದರೂ “ಏಳು ವರ್ಷ ಆಯಿತಲ್ಲ, ಅದಕ್ಕೇ” ಎಂದಿದ್ದರೆ ನಾನೂ ತಲೆಯಾಡಿಸುತ್ತಿದ್ದೆನೇನೋ. ಆದರೆ ಆ ಚೂರು ಕೊಂಡ ಮರುದಿನವೇ ಸಿಕ್ಕಿಕೊಳ್ಳಬಹುದಿತ್ತು. ಅದಕ್ಕೂ ವಯಸ್ಸಿಗೂ ಸಂಬಂಧವಿಲ್ಲ.

ಈ ವ್ಯತ್ಯಾಸಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಸ್ವೀಡನ್ನಿನ ಎಂಜಿನಿಯರ್ ವಾಲೊಡ್ಡಿ ವೈಬುಲ್ ಮುಖ್ಯ. ವಸ್ತುಗಳು ಎಷ್ಟು ಕಾಲಕ್ಕೆ ಮುರಿಯುತ್ತವೆ, ಕೆಡುತ್ತವೆ ಎಂಬುದನ್ನು ಲೆಕ್ಕ ಹಾಕಲು 1951ರಲ್ಲಿ ಅವರು ಪ್ರಕಟಿಸಿದ ಸೂತ್ರವನ್ನು ಇಂದಿಗೂ ಬೇರಿಂಗಿನಿಂದ ವಿಮಾನದ ಎಂಜಿನ್‌ವರೆಗೆ ಎಲ್ಲದಕ್ಕೂ ಬಳಸುತ್ತಾರೆ. ಅದರಲ್ಲಿ ಆಕಾರವನ್ನು ಸೂಚಿಸುವ ಒಂದು ಸಂಖ್ಯೆ ಇದೆ. ಅದು 1ಕ್ಕಿಂತ ಕಡಿಮೆ ಇದ್ದರೆ ವಸ್ತು ಹೊಸದರಲ್ಲೇ ಕೆಡುವ ಸಂಭವ ಹೆಚ್ಚು. ಕಾರ್ಖಾನೆಯ ದೋಷಗಳು ಮೊದಲ ತಿಂಗಳುಗಳಲ್ಲೇ ಹೊರಬರುವುದು ಹೀಗೆ. ಸರಿಯಾಗಿ 1 ಇದ್ದರೆ ಕೆಡುವ ಸಂಭವ ಎಲ್ಲ ವಯಸ್ಸಿನಲ್ಲೂ ಒಂದೇ, ಗಾಜಿನ ಚೂರಿನ ಹಾಗೆ. 1ಕ್ಕಿಂತ ಹೆಚ್ಚಿದ್ದರೆ ಮಾತ್ರ ವರ್ಷ ಕಳೆದಂತೆ ಅಪಾಯ ಏರುತ್ತದೆ. ಗಡುಸಾಗುವ ರಬ್ಬರು, ಸವೆಯುವ ಬೇರಿಂಗು, ಒಳಗಿನ ದ್ರವ ಆರಿಹೋಗುವ ಕಂಡೆನ್ಸರು ಈ ಗುಂಪಿನವು. ಮೂರನ್ನೂ ಒಟ್ಟಿಗೆ ಬರೆದರೆ ಎಡದಲ್ಲಿ ಎತ್ತರ, ನಡುವೆ ಚಪ್ಪಟೆ, ಬಲದಲ್ಲಿ ಮತ್ತೆ ಎತ್ತರವಾದ ಗೆರೆ ಬರುತ್ತದೆ. ಸ್ನಾನದ ತೊಟ್ಟಿಯ ಅಡ್ಡನೋಟದಂತಿರುವುದರಿಂದ ಅದಕ್ಕೆ ತೊಟ್ಟಿಯ ರೇಖೆ ಎಂದೇ ಹೆಸರು. ಸರ್ವೀಸ್ ಹುಡುಗ ನನ್ನ ಯಂತ್ರವನ್ನು ಇಡಿಯಾಗಿ ಆ ತೊಟ್ಟಿಯ ಬಲ ಅಂಚಿಗೆ ತಳ್ಳಿದ್ದ. ನೋಡಬೇಕಾದದ್ದು ಅದರೊಳಗಿನ ಯಾವ ಭಾಗ ಆ ಅಂಚಿನಲ್ಲಿದೆ ಎಂದು.

ನನಗೆ ಮೊದಲು ಅನುಮಾನ ಬಂದದ್ದು ಹೀಟರಿನ ಮೇಲೆ. ಕಾರಣ ನಮ್ಮ ನೀರು. ವರ್ಷದ ಬಹುಪಾಲು ನಮ್ಮ ಕಟ್ಟಡಕ್ಕೆ ಕಾವೇರಿ ನೀರು ಬರುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ 2024ರಂಥ ಬೇಸಿಗೆಯಲ್ಲಿ, ಟ್ಯಾಂಕರಿನ ಬೋರ್‌ವೆಲ್ ನೀರೇ ಗತಿ. ಅದು ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟು ಬಿಸಿಯಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬನೇಟಾಗಿ, ಅಂದರೆ ಸುಣ್ಣದ ಕಲ್ಲಿನ ಪದರವಾಗಿ ಕೂರುತ್ತದೆ. ಗೀಸರಿನಲ್ಲಿ, ಕೆಟಲಿನಲ್ಲಿ ನೋಡುತ್ತೇವಲ್ಲ, ಅದೇ. ಈ ಪದರ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಹೀಟರು ಒಳಗೊಳಗೇ ಹೆಚ್ಚು ಕಾಯುತ್ತದೆ, ನೀರು ಮಾತ್ರ ನಿಧಾನವಾಗಿ ಬಿಸಿಯಾಗುತ್ತದೆ. ಇದನ್ನು ತಡೆಯಲು ಯಂತ್ರದ ತಳದಲ್ಲಿ ರಾಳದ ಸಣ್ಣ ಮಣಿಗಳ ಡಬ್ಬಿಯಿದೆ. ನೀರು ಅದರ ಮೂಲಕ ಹಾಯುವಾಗ ರಾಳ ಒಂದೊಂದು ಕ್ಯಾಲ್ಸಿಯಂ ಅಯಾನನ್ನು ಹಿಡಿದಿಟ್ಟುಕೊಂಡು ಎರಡೆರಡು ಸೋಡಿಯಂ ಅಯಾನುಗಳನ್ನು ಬಿಟ್ಟುಕೊಡುತ್ತದೆ. ಮಣಿಗಳಲ್ಲಿ ಸೋಡಿಯಂ ತೀರಿದಾಗ ಉಪ್ಪುನೀರು ಹಾಯಿಸಿ ಮತ್ತೆ ತುಂಬಬೇಕು. ಯಂತ್ರಕ್ಕೆ ಉಪ್ಪು ಹಾಕುವುದು ಇದಕ್ಕಾಗಿ, ಪಾತ್ರೆ ತೊಳೆಯಲಿಕ್ಕಲ್ಲ. ನೀರಿನ ಗಡಸುತನ ಎಷ್ಟೆಂದು ಯಂತ್ರಕ್ಕೆ ತಿಳಿಸುವ ಸೆಟ್ಟಿಂಗ್ ಒಂದಿರುತ್ತದೆ. ಯಂತ್ರ ಅಳವಡಿಸಿದ ದಿನ ಒಮ್ಮೆ ಒತ್ತಿದ್ದನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಟ್ಯಾಂಕರು ಬರತೊಡಗಿದ ದಿನ ಅದನ್ನು ಏರಿಸುವುದು ಈ ಇಡೀ ಪ್ರಸಂಗದಲ್ಲಿ ಅತ್ಯಂತ ಅಗ್ಗದ ರಿಪೇರಿ.

ಹೀಟರು ಬದುಕಿದೆಯೇ ಎಂದು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಸಾಕು. ನನ್ನ ಯಂತ್ರದ ಹೀಟರು 1,800 ವ್ಯಾಟಿನದು. 230 ವೋಲ್ಟಿನ ವರ್ಗವನ್ನು 1,800ರಿಂದ ಭಾಗಿಸಿದರೆ ಸುಮಾರು 29 ಓಮ್. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಯಂತ್ರ ಪೂರ್ತಿ ಆರಿದ ಮೇಲೆ, ಕೆಳಗಿನ ತಗಡು ಬಿಚ್ಚಿ, ಹೀಟರಿನ ವೈರು ಕಳಚಿ ಮಲ್ಟಿಮೀಟರ್ ಹಿಡಿದೆ. 30 ತೋರಿಸಿತು. ತಂತಿ ತುಂಡಾಗಿದ್ದರೆ ಅನಂತ ತೋರಿಸಬೇಕಿತ್ತು. ಹೀಟರು ಚೆನ್ನಾಗಿಯೇ ಇತ್ತು. ಅತಿಯಾಗಿ ಕಾದರೆ ಸರ್ಕ್ಯೂಟ್ ಕಡಿಯುವ ಕಟಾಫ್ ಕೂಡ ಸರಿ ಇತ್ತು. ನೀರಿನ ಶಾಖ ಅಳೆಯುವ ಸಂವೇದಕ ಬಿಸಿಯಾದಂತೆಲ್ಲ ರೋಧ ಇಳಿಸಬೇಕು, ಇಳಿಸಿತು. ಇನ್ನು ಉಳಿದದ್ದು ಬೋರ್ಡು. ಹುಡುಗ ಹೇಳಿದ್ದು ತಪ್ಪಾಗಿರಲಿಲ್ಲ.

ಆದರೆ ಬೋರ್ಡ್ ಎಂದರೂ ಮತ್ತೆ ಒಂದೇ ವಸ್ತುವಲ್ಲ. ಹೀಟರಿಗೆ ವಿದ್ಯುತ್ ಕೊಡುವುದು ಅದರ ಮೇಲಿರುವ ರಿಲೇ ಎಂಬ ಪುಟ್ಟ ಸ್ವಿಚ್ಚು. ಪ್ರತಿ ಸಲ ತೆರೆದು ಮುಚ್ಚುವಾಗ ಅದರ ಬೆಳ್ಳಿಯ ತುದಿಗಳ ನಡುವೆ ಕಿಡಿ ಹಾರಿ ಲೋಹ ಒಂದಿಷ್ಟು ಸವೆಯುತ್ತದೆ. ಇಂಥ ರಿಲೇಗಳಿಗೆ ಪೂರ್ಣ ಹೊರೆಯಲ್ಲಿ ಒಂದು ಲಕ್ಷ ಬಾರಿ ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಲೆಕ್ಕ. ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ದಿನಕ್ಕೊಂದು ಸುತ್ತಿನಂತೆ ಹನ್ನೊಂದು ವರ್ಷಕ್ಕೆ ನಾಲ್ಕು ಸಾವಿರ ಸುತ್ತು. ಸುತ್ತಿಗೆ ಐದು ಸಲ ಎಂದರೂ ಇಪ್ಪತ್ತು ಸಾವಿರ. ರಿಲೇ ತನ್ನ ಆಯುಸ್ಸಿನ ಐದನೇ ಒಂದು ಪಾಲನ್ನೂ ದಾಟಿರಲಿಲ್ಲ. ಹಾಗಿದ್ದರೆ ಕಾಲದ ಏಟು ತಿಂದದ್ದು ಯಾವುದು? ರಿಲೇಯ ಕಾಲನ್ನು ಬೋರ್ಡಿಗೆ ಹಿಡಿದಿಟ್ಟಿರುವ ಸಾಲ್ಡರ್ ಇರಬಹುದು ಎನಿಸಿತು. ಸುಮಾರು 8 ಆಂಪಿಯರ್ ಕರೆಂಟು ಹರಿದಾಗ ಆ ಬೆಸುಗೆ ಬಿಸಿಯಾಗುತ್ತದೆ, ನಿಂತಾಗ ತಣ್ಣಗಾಗುತ್ತದೆ. ತಾಮ್ರ, ತವರ, ಪ್ಲಾಸ್ಟಿಕ್ ಮೂರೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಹಾಗಾಗಿ ಪ್ರತಿ ಸಲವೂ ಬೆಸುಗೆ ಒಂದಿಷ್ಟು ಎಳೆತಕ್ಕೆ ಸಿಗುತ್ತದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಕಡೆಗೆ ತುಂಡಾಗುವಂತೆ, ಸಾವಿರಾರು ಸಲದ ಬಳಿಕ ಅದು ಸೀಳುತ್ತದೆ.

ವೈರುಗಳು ಎಲ್ಲೆಲ್ಲಿದ್ದವೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬೋರ್ಡು ಬಿಚ್ಚಿದೆ. ಭೂತಗನ್ನಡಿ ಹಿಡಿದು ಬಿಸಿಲಿಗೆ ಓರೆ ಮಾಡಿದಾಗ ರಿಲೇಯ ಒಂದು ಕಾಲಿನ ಸುತ್ತ ಕೂದಲೆಳೆಯಂಥ ಬೂದುಬಣ್ಣದ ಉಂಗುರ ಕಂಡಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಮಹಡಿ ಅಂಗಡಿಗೆ ಅದನ್ನು ಒಯ್ದೆ. ಅಲ್ಲಿದ್ದ ಹಿರಿಯರು ಕನ್ನಡಕ ಏರಿಸಿ ಒಂದೇ ನೋಟಕ್ಕೆ “ಡ್ರೈ ಸಾಲ್ಡರ್” ಎಂದರು. ಹಳೆಯ ತವರ ತೆಗೆದು, ರಿಲೇಯ ಎಲ್ಲ ಕಾಲುಗಳಿಗೂ ಹೊಸ ಬೆಸುಗೆ ಹಾಕಿದರು. “ಈ ಕಂಡೆನ್ಸರೂ ಉಬ್ಬಿದೆ, ಬದಲಾಯಿಸಿಬಿಡ್ತೀನಿ, ಇಲ್ಲಾಂದ್ರೆ ಆರು ತಿಂಗಳಿಗೆ ಮತ್ತೆ ಬರ್ತೀರ” ಎಂದು ಅದನ್ನೂ ಬದಲಿಸಿ 350 ರೂಪಾಯಿ ತೆಗೆದುಕೊಂಡರು. ಹನ್ನೊಂದು ವರ್ಷದ ಮುಪ್ಪು ಕೂತಿದ್ದುದು ನಿಜ. ಅದು ಕೂತಿದ್ದುದು ಗುಂಡುಸೂಜಿಯ ತಲೆಯಷ್ಟು ತವರದಲ್ಲಿ.

ಬೆಸುಗೆಯನ್ನು ನಾನೇ ಏಕೆ ಹಾಕಲಿಲ್ಲ ಎಂದು ಕೇಳಬಹುದು. ನನಗೆ ಕೈ ಪಳಗಿಲ್ಲ. 8 ಆಂಪಿಯರ್ ಹರಿಯುವ ಜಾಗದಲ್ಲಿ ಕೆಟ್ಟ ಬೆಸುಗೆ ಕಿಡಿಯಾಗಿ, ಕಿಡಿ ಬೆಂಕಿಯಾಗಬಲ್ಲದು. ಪತ್ತೆ ಮಾಡುವುದನ್ನೂ ಸರಿಪಡಿಸುವುದನ್ನೂ ನಾವು ಒಂದೇ ಕೆಲಸವೆಂದು ತಿಳಿಯುತ್ತೇವೆ. ಎರಡನೆಯದನ್ನು ಬಲ್ಲವರಿಗೆ ಒಪ್ಪಿಸಿಯೂ ಮೊದಲನೆಯದನ್ನು ನಾವೇ ಮಾಡಬಹುದು. ಹದಿನಾಲ್ಕು ಸಾವಿರಕ್ಕೂ 350ಕ್ಕೂ ಇದ್ದ ಅಂತರವನ್ನು ನನಗೆ ಉಳಿಸಿಕೊಟ್ಟದ್ದು ಮೊದಲನೆಯದೇ.

ಯುರೋಪಿನ ಕಾನೂನೂ ಇಂಥದೊಂದು ಗೆರೆ ಎಳೆದಿದೆ. 2021ರ ಮಾರ್ಚ್ 1ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ ಡಿಶ್‌ವಾಷರಿನ ಬಾಗಿಲ ರಬ್ಬರು, ಸ್ಪ್ರೇ ಆರ್ಮ್, ಫಿಲ್ಟರು, ಬುಟ್ಟಿಗಳಂಥ ಭಾಗಗಳು ಆ ಮಾದರಿಯ ಮಾರಾಟ ನಿಂತ ಮೇಲೂ 10 ವರ್ಷ ಸಾಮಾನ್ಯ ಗ್ರಾಹಕರಿಗೇ ಸಿಗಬೇಕು. ಮೋಟಾರು, ಪಂಪು, ಹೀಟರುಗಳು 7 ವರ್ಷ ಸಿಗಬೇಕು, ಆದರೆ ಅವು ವೃತ್ತಿಪರ ರಿಪೇರಿಯವರಿಗೆ. ನೀರು ಮುಟ್ಟುವ ಭಾಗ ಮನೆಯವರಿಗೆ, ವಿದ್ಯುತ್ ಹರಿಯುವ ಭಾಗ ಬಲ್ಲವರಿಗೆ. ಈ ಹಂಚಿಕೆ ನನಗೆ ಬಹುಮಟ್ಟಿಗೆ ಸರಿಯೆನಿಸುತ್ತದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಬಿಡಿಭಾಗ, ವಾರಂಟಿ, ಸರ್ವೀಸ್‌ಗಳ ಮಾಹಿತಿ ಒಂದೆಡೆ ಸಿಗಲಿ ಎಂಬುದು ಅದರ ಉದ್ದೇಶ. ಮಾಹಿತಿ ಬೇಕು. ಆದರೆ ಹತ್ತು ವರ್ಷ ರಬ್ಬರು ಸಿಗಲೇಬೇಕು ಎಂಬ ಕಟ್ಟಳೆ ಅದಕ್ಕಿಂತ ಹೆಚ್ಚು ಬೇಕು ಎನ್ನುವುದು ನನ್ನ ಅನಿಸಿಕೆ.

ಯಾರೂ ದಾಟಬಾರದ ಗೆರೆ ಒಂದಿದೆ. ನಮ್ಮ ಕಟ್ಟಡದಲ್ಲೇ ಒಬ್ಬರ ಮನೆಯಲ್ಲಿ ಯಂತ್ರ ಬಿಸಿಯಾಗತೊಡಗಿದ ಕೂಡಲೇ, ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಇಎಲ್‌ಸಿಬಿ ಬೀಳುತ್ತಿತ್ತು. ಕರೆಸಿದ ಎಲೆಕ್ಟ್ರಿಷಿಯನ್ ಯಂತ್ರದ ಲೈನನ್ನು ಇಎಲ್‌ಸಿಬಿ ತಪ್ಪಿಸಿ ಕೊಟ್ಟು ಹೋದ. ಯಂತ್ರ ನಡೆಯಿತು, ಮನೆಯವರಿಗೆ ಸಂತೋಷ. ವಿಷಯ ತಿಳಿದ ಸಂಜೆ ನಾನು ಮೆಟ್ಟಿಲಿಳಿದು ಓಡಿದೆ. ಹೀಟರಿನೊಳಗೆ ಕಾಯುವ ತಂತಿಗೂ ಹೊರಗಿನ ಲೋಹದ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಅದು ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ಅದಕ್ಕೆ ತೇವ ಹೀರುವ ಗುಣವಿದೆ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ನೀರು ಒಳಸೇರಿ, ವಿದ್ಯುತ್ ಹೊರಕ್ಕೆ ಸೋರುತ್ತದೆ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದೊಡನೆ ಲೈನ್ ಕಡಿಯಲೆಂದೇ ಆ ಸ್ವಿಚ್ಚನ್ನು ಇಟ್ಟಿರುವುದು. ಅದಕ್ಕಿಂತ ಹೆಚ್ಚು ಕರೆಂಟು ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಬಹುದು. ಒದ್ದೆ ಕೈಯಲ್ಲಿ ಸ್ಟೀಲ್ ಬಾಗಿಲು ಮುಟ್ಟುವವರು ಆ ಮನೆಯಲ್ಲಿ ಮೂರು ಜನ. ಇಂಥ ಸೋರಿಕೆಯನ್ನು ನಮ್ಮ ಮಲ್ಟಿಮೀಟರ್ ಎಷ್ಟೋ ಸಲ ಹಿಡಿಯುವುದೇ ಇಲ್ಲ. ಅದು ಪರೀಕ್ಷಿಸುವುದು ಕೆಲವೇ ವೋಲ್ಟಿನಲ್ಲಿ, ಮೆಗ್ಗರ್ ಎಂಬ ಉಪಕರಣ 500 ವೋಲ್ಟು ಹಾಕಿ ನೋಡುತ್ತದೆ. ಪ್ಲಗ್ ಕೀಳಿಸಿದೆ. ಮರುದಿನ ಹೀಟರು ಬದಲಾಯಿತು, ಇಎಲ್‌ಸಿಬಿ ತನ್ನ ಜಾಗಕ್ಕೆ ಮರಳಿತು.

ಹೊಸ ಯಂತ್ರ ಕಡಿಮೆ ವಿದ್ಯುತ್ ತಿನ್ನುತ್ತದಲ್ಲ, ಅದೂ ಲೆಕ್ಕವಲ್ಲವೇ ಎಂದು ನನ್ನ ಮಗಳು ಕೇಳಿದಳು. ಲೆಕ್ಕವೇ. ಪ್ರತಿ ಸುತ್ತಿಗೆ ಕಾಲು ಯೂನಿಟ್ ಉಳಿಯುತ್ತದೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 90 ಯೂನಿಟ್, ಹೆಚ್ಚೆಂದರೆ ಆರುನೂರು ಚಿಲ್ಲರೆ ರೂಪಾಯಿ. ನಲವತ್ತೈದು ಸಾವಿರದ ಯಂತ್ರ ಆ ಉಳಿತಾಯದಿಂದಲೇ ತನ್ನ ಬೆಲೆ ತೀರಿಸಲು ಎಪ್ಪತ್ತು ವರ್ಷ ಬೇಕು.

ಈಗ ಯಂತ್ರಕ್ಕೆ ಹದಿಮೂರು. ಬಾಗಿಲ ರಬ್ಬರನ್ನು ಹೋದ ವರ್ಷ ನಾನೇ ಬದಲಿಸಿದೆ, ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು, ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಒತ್ತುತ್ತಾ. ಇದರಲ್ಲಿ ಬದಲಿಸಲಾಗದ ಭಾಗ ಒಂದೇ, ಒಳಗಿನ ತೊಟ್ಟಿ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಗುಳಿ ತೋಡುವುದು ಕ್ಲೋರೈಡು, ಅಂದರೆ ಉಪ್ಪಿನಲ್ಲಿರುವುದೇ. ವರ್ಷಾನುಗಟ್ಟಲೆ ನಾನು ಭಾನುವಾರ ಮಧ್ಯಾಹ್ನ ಉಪ್ಪಿನ ಡಬ್ಬಿ ತುಂಬಿಸುತ್ತಿದ್ದೆ, ಯಂತ್ರ ಓಡುತ್ತಿದ್ದುದು ರಾತ್ರಿ ಊಟವಾದ ಮೇಲೆ. ಅಷ್ಟು ಹೊತ್ತೂ ಡಬ್ಬಿಯ ಬಾಯಿಂದ ಉಕ್ಕಿದ ಉಪ್ಪುನೀರು ತೊಟ್ಟಿಯ ತಳದಲ್ಲಿ ನಿಂತಿರುತ್ತಿತ್ತು. ಡಬ್ಬಿಯ ಪಕ್ಕದಲ್ಲೇ, ಸಾಸಿವೆ ಕಾಳಿಗಿಂತ ಸಣ್ಣದಾದ ಮೂರು ಕಂದು ಚುಕ್ಕೆಗಳು ಈಗ ಕಾಣುತ್ತವೆ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಉಗುರಿನ ತುದಿ ಆಡಿಸಿ ಆಳ ನೋಡುತ್ತೇನೆ. ಅವುಗಳಲ್ಲಿ ಒಂದು ತೂತಾಗಿ ತಳದ ತಟ್ಟೆಗೆ ನೀರು ಇಳಿದ ದಿನ ಪ್ಲಗ್ ಕಿತ್ತು, ಪಂಪು, ವಾಲ್ವ್, ಆ ಬೋರ್ಡು ಇವನ್ನು ಬೇರೆ ಯಾರಿಗಾದರೂ ಬೇಕೇ ಎಂದು ಎಸ್.ಪಿ. ರಸ್ತೆಯಲ್ಲಿ ವಿಚಾರಿಸುತ್ತೇನೆ. ಸದ್ಯಕ್ಕೆ ಉಪ್ಪು ತುಂಬುವುದು ರಾತ್ರಿ, ಪಾತ್ರೆಯೆಲ್ಲ ಜೋಡಿಸಿ ಆದಮೇಲೆ, ಬಟನ್ ಒತ್ತುವ ಮುಂಚಿನ ನಿಮಿಷದಲ್ಲಿ.